ಫಕ್ಕೀರಪ್ಪನ ಹೆಸರಿಗೆ ಬಂದ ಕಾಗದ

ಕಳೆದ ತಿಂಗಳು ಒಂದು ಮದುವೆಯ ಸಲುವಾಗಿ ಕುಮಟೆಗೆ ಹೋಗಬೇಕಾಯಿತು. ಶಿರಸಿಯಲ್ಲಿ ಹತ್ತಿದ ಮೋಟಾರು ದೇವಿಮನೆ ಘಟ್ಟ ಇಳಿಯುವಾಗ ನಡುವೆ ನಿಂತಿತು. ಬ್ರೇಕು ಕಾದು ಹೊಗೆ ಬರುತ್ತಿತ್ತು. ತಣಿಯಲಿ ಎಂದು ಡ್ರೈವರ್ ಎಲ್ಲರನ್ನೂ ಕೆಳಗಿಳಿಸಿದ. ಹಸಿ ಎಲೆಗಳ ನಡುವೆ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ತಲೆಯೆತ್ತಿ ನೋಡಿದರೆ ಅದೇ ತಿರುವು. ಹತ್ತು ವರ್ಷಗಳ ಹಿಂದೆ ಇಲ್ಲಿ ನಿಂತು, ಒಬ್ಬ ಮನುಷ್ಯ ಮಾತ್ರ ಈ ದಾರಿಯಲ್ಲಿ ಬಾರದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ. ಅವನು ಬಂದಿದ್ದ.

ಆಗ ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಎರಡು ವರ್ಷವಿತ್ತು. ನಾನು ಅಕ್ಕಿಆಲೂರಿನ ಗಂಡುಮಕ್ಕಳ ಕನ್ನಡ ಶಾಲೆಯಲ್ಲಿ ಸಹಾಯಕ ಮಾಸ್ತರನಾಗಿದ್ದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು, ನಾಲ್ಕು ಜನ ಅರ್ಜಿ ಬರೆಸಿಕೊಳ್ಳಲು ಬರುವವನು, ಊರಲ್ಲಿ ತಕ್ಕಮಟ್ಟಿಗೆ ಮರ್ಯಾದೆಯುಳ್ಳವನು. ನಮ್ಮ ಮನೆಯ ಎದುರಿಗೆ ರಸ್ತೆಯ ಆಚೆ ಫಕ್ಕೀರಪ್ಪನ ಅಂಗಡಿ. ಕಮ್ಮಾರರ ಮನೆತನದವನು. ಮೊದಲನೆಯ ಇಯತ್ತೆಯಲ್ಲಿ ನಾವಿಬ್ಬರೂ ಒಂದೇ ಗೋಣಿತಟ್ಟಿನ ಮೇಲೆ ಕೂತವರು. ಮೂರು ತಿಂಗಳಾಗುವಷ್ಟರಲ್ಲಿ ಅವನ ಅಪ್ಪ ಬಂದು ಕುಲುಮೆಯ ತಿದಿ ಊದುವುದಕ್ಕೆ ಕರೆದುಕೊಂಡು ಹೋದ. ಅಕ್ಷರ ಅಲ್ಲಿಗೆ ನಿಂತಿತು. ದೊಡ್ಡವನಾದ ಮೇಲೆ ಅವನು ಕುಲುಮೆಯ ಮುಂದೆ ತಗಡಿನ ಚಪ್ಪರ ಹಾಕಿ ಸೈಕಲ್ ರಿಪೇರಿ ಶುರು ಮಾಡಿದ. ಅಂಥ ಸವಾರ ನಮ್ಮ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಮುಂಜಾನೆ ಹತ್ತಾರು ಮೈಲಿಯ ಹಿರೇಕೆರೂರಿಗೆ ಹೋಗಿ ಊಟದ ಹೊತ್ತಿಗೆ ತಿರುಗಿ ಬರುತ್ತಿದ್ದ. ನಾನು ಅವನ ಬಗ್ಗೆ ಎಲ್ಲರೆದುರು ಹೆಮ್ಮೆಯಿಂದಲೇ ಮಾತಾಡುತ್ತಿದ್ದೆ. ಅವನು ಕಮ್ಮಾರ, ನಾನು ಮಾಸ್ತರ, ಹೆಮ್ಮೆಪಡುವುದು ಸುಲಭವಿತ್ತು.

ದೀಪಾವಳಿ ಮುಗಿದ ವಾರ, ಭತ್ತ ಇನ್ನೂ ಗದ್ದೆಯಲ್ಲಿರುವಾಗ, ನಾಗೇಶರಾಯರು ಎಂಬವರು ಬಂದರು. ಹುಟ್ಟಿದ್ದು ಕುಮಟೆಯ ಕಡೆ. ಮುಂಬೈಯಲ್ಲಿ ನಕಾಶೆ ಬರೆಯುವ ನೌಕರಿ. ಅಲ್ಲಿ ಸೈಕಲ್ ಮೇಲೆ ದೇಶ ತಿರುಗುವ ಕೆಲವು ಗೆಳೆಯರಿದ್ದರಂತೆ. ಅಂಥವರಿಗಾಗಿ ರಾಯರು ಒಂದು ಪುಸ್ತಿಕೆ ಮಾಡಹೊರಟಿದ್ದರು. ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಬಂದು ಯಲವಿಗಿ ಸ್ಟೇಶನ್ನಿನಲ್ಲಿ ಇಳಿಯುವುದು. ಅಲ್ಲಿಂದ ಸವಣೂರು, ಶಿಗ್ಗಾವಿ, ಹಾನಗಲ್ಲು, ಶಿರಸಿ ಹಾದು ಘಟ್ಟ ಇಳಿದು ಕಡಲು ಮುಟ್ಟುವುದು. ಪುರುಸೊತ್ತು ಇದ್ದವರು ಹಿರೇಕೆರೂರಿನ ಕಡೆ ತಿರುಗಿ ಮಾಸೂರಿನ ಮದಗದ ಕೆರೆಯನ್ನೂ ನೋಡುವುದು. ಎಲ್ಲಿ ತಂಗಬೇಕು, ಎಲ್ಲಿ ನೀರು, ಎಲ್ಲಿ ಕಣ್ಣಿಗೆ ಹಬ್ಬ, ಎಲ್ಲವನ್ನೂ ಬರೆಯಬೇಕು.

ರಾಯರು ಎಂಟು ದಿನ ನಮ್ಮ ಮನೆಯಲ್ಲೇ ಇಳಿದುಕೊಂಡರು. ಓದಿಕೊಂಡವರೊಬ್ಬರು ಮನೆಗೆ ಬಂದದ್ದು ನನಗೆ ಸಣ್ಣ ಸಂತೋಷವಾಗಿರಲಿಲ್ಲ. ಎರಡು ದಿನ ಕೂತು ಅವರಿಗಾಗಿ ಒಂದು ವಹಿ ತುಂಬ ಬರೆದೆ. ಹಾನಗಲ್ಲಿನ ಗುಡಿಯ ಕಲ್ಲಿನ ಕಮಲ, ಬಂಕಾಪುರದ ಕೋಟೆ, ಸವಣೂರಿನ ನವಾಬರು, ಒಂದನ್ನೂ ಬಿಡಲಿಲ್ಲ. ರಾಯರು ವಹಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ತುಂಬಾ ಉಪಕಾರವಾಯಿತು ಮಾಸ್ತರರೇ" ಎಂದು ಚೀಲದ ತಳಕ್ಕೆ ಇಟ್ಟರು. ಅದು ಮತ್ತೆ ಹೊರಗೆ ಬಂದದ್ದನ್ನು ನಾನು ನೋಡಲಿಲ್ಲ.

ದಾರಿ ತೋರಿಸಲು ಫಕ್ಕೀರಪ್ಪನನ್ನು ಕರೆದವನು ನಾನೇ. ಮೂವರೂ ಮಾಸೂರಿಗೆ ಹೋದೆವು. ಏರು ಬಂದಲ್ಲೆಲ್ಲ ನಾನು ಇಳಿದು ಸೈಕಲ್ ತಳ್ಳುತ್ತಿದ್ದೆ. ಅವರಿಬ್ಬರೂ ಮೇಲೆ ಹೋಗಿ ಮರದ ಕೆಳಗೆ ಕಾಯುತ್ತಿದ್ದರು. ನಾನು ಏದುಸಿರು ಬಿಡುತ್ತ ಮುಟ್ಟುವಷ್ಟರಲ್ಲಿ ಅವರ ಮಾತು ಎಲ್ಲಿಗೋ ಹೋಗಿರುತ್ತಿತ್ತು. ಕೆರೆಯ ಏರಿಯ ಮೇಲೆ ನಿಂತಾಗ, "ಈ ಕೆರೆ ವಿಜಯನಗರದ ಕಾಲದ್ದು" ಎಂದು ಶುರು ಮಾಡಿದೆ. ರಾಯರು ತಲೆಯಾಡಿಸಿದರು.

ಫಕ್ಕೀರಪ್ಪ ಹೇಳಿದ, "ಇಲ್ಲಿಗೆ ಮುಂಜಾನಿ ಬರಬೇಕ್ರಿ ರಾಯರ. ಬಿಸಲ ಏರಿದ ಮ್ಯಾಲ ಬಂದ್ರ ನೀರು ಕಣ್ಣು ಕುಕ್ಕತೈತಿ, ಏನೂ ಕಾಣೂದಿಲ್ಲ. ಹೊತ್ತು ಹುಟ್ಟೂ ಮುಂದ ಆ ಗುಡ್ಡ ನೀರಾಗ ತಲಿಕೆಳಗ ನಿಂತಿರತೈತಿ, ಹಕ್ಕಿ ಇಳದ್ರ ಅಷ್ಟ ಅದು ಅಳಗ್ಯಾಡತೈತಿ."

ರಾಯರು ತಟ್ಟನೆ ಕಿಸೆಯಿಂದ ಪೆನ್ಸಿಲ್ ತೆಗೆದರು. "ಇನ್ನೊಮ್ಮೆ ಹೇಳಿ, ಫಕ್ಕೀರಪ್ಪ."

ಆ ಎಂಟು ದಿನ ಆ ಪೆನ್ಸಿಲ್ಲಿನ ಮೇಲೆಯೇ ನನ್ನ ಕಣ್ಣು. ಹಿರೇಬೆಂಡಿಗೇರಿಯ ಕಡೆ ಜಾಲಿಮುಳ್ಳು ಬಹಳ, ಆದರೆ ಚಕ್ಕಡಿಯ ಗಾಲಿ ಮುಳ್ಳನ್ನು ಹುಡಿ ಮಾಡಿರುತ್ತದೆ, ಆ ಜಾಡಿನಲ್ಲೇ ಹೋಗಬೇಕು ಎಂದು ಅವನು ಹೇಳಿದರೆ ಪೆನ್ಸಿಲ್ ಓಡುತ್ತಿತ್ತು. ಸವಣೂರಿನ ಎಲೆಬಳ್ಳಿಯ ತೋಟದ ಬಾವಿಯ ನೀರು ಸಿಹಿ, ತೋಟದವರು ಬೇಡವೆನ್ನುವುದಿಲ್ಲ ಎಂದರೆ ಓಡುತ್ತಿತ್ತು. ನಾನು ಬಾಯಿ ತೆರೆದರೆ ಕಿವಿಯ ಮೇಲೆ ಹೋಗಿ ಕೂರುತ್ತಿತ್ತು. ರಾಯರು ಹೊರಟ ದಿನ ನನಗೆ ಕೈ ಮುಗಿದರು, ಫಕ್ಕೀರಪ್ಪನನ್ನು ತಬ್ಬಿಕೊಂಡರು.

"ಊರು ಮುಟ್ಟಿ ಕಾಗದ ಬರೆಯುತ್ತೇನೆ" ಎಂದಿದ್ದರು. ನನಗೆ ಹೇಳಿದ್ದು ಎಂದೇ ತಿಳಿದುಕೊಂಡೆ. ಒಂದೂವರೆ ತಿಂಗಳು ದಿನಾ ಅಂಚೆಯವನ ದಾರಿ ನೋಡಿದೆ. ಭತ್ತದ ಕೊಯ್ಲು ಮುಗಿದು ಕಣದಲ್ಲಿ ರಾಶಿ ಬಿದ್ದಿತ್ತು. ಊರೆಲ್ಲ ಹೊಸ ಹುಲ್ಲಿನ ವಾಸನೆ. ಒಂದು ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಫಕ್ಕೀರಪ್ಪ ಎಣ್ಣೆಗೈಯಲ್ಲಿ ಒಂದು ದಪ್ಪ ಲಕೋಟೆಯನ್ನು ಎರಡೇ ಬೆರಳಿನಿಂದ ಹಿಡಿದುಕೊಂಡು ಓಡಿ ಬಂದ.

"ಏ ಚನ್ನವೀರ, ನನ್ನ ಹೆಸರಿಗೆ ಕಾಗದ ಬಂದೈತಲೇ! ಹುಟ್ಟಿದ ಮ್ಯಾಲ ಮೊದಲನೇದು. ಓದು ಓದು."

ನಾಲ್ಕು ಹಾಳೆ. ರಾಯರ ದುಂಡು ಅಕ್ಷರ. ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಸಂಕ್ರಾಂತಿ ಕಳೆದ ಮೂರನೆಯ ದಿನ ಇಬ್ಬರು ಗೆಳೆಯರ ಜೊತೆ ಯಲವಿಗಿಯಲ್ಲಿ ಇಳಿಯುತ್ತಾರೆ. ಕಡಲಿನವರೆಗೆ ಫಕ್ಕೀರಪ್ಪ ಜೊತೆಗಿರಬೇಕು. ಯಾವ ದಿನ ಎಲ್ಲಿ ಬಿಡಾರ ಎಂಬುದೂ ಇತ್ತು. ಮೂರನೆಯ ಹಾಳೆಯಲ್ಲಿ ಒಂದು ಸಾಲು: "ಮಾಸ್ತರರು ಒಳ್ಳೆಯವರು, ಆದರೆ ಅವರನ್ನು ಕರೆದುಕೊಂಡರೆ ದಾರಿ ಉದ್ದವಾಗುತ್ತದೆ, ಅವರಿಗೆ ತಿಳಿಯದಂತೆ ನೀವೊಬ್ಬರೇ ಬನ್ನಿ."

ಅವರಿಗೆ ತಿಳಿಯದಂತೆ! ಈ ಕಾಗದವನ್ನು ಓದಬೇಕಾದವನು ನಾನೇ ಎಂಬುದು ರಾಯರಿಗೆ ಹೊಳೆದಿರಲಿಲ್ಲ. ಫಕ್ಕೀರಪ್ಪನಿಗೆ ಓದು ಬಾರದು ಎಂಬುದನ್ನೇ ಅವರು ಗಮನಿಸಿರಲಿಲ್ಲ. ಎಂಟು ದಿನ ಜೊತೆಗಿದ್ದೂ ಅವನ ಕೊರತೆ ಅವರಿಗೆ ಕಾಣಲಿಲ್ಲ. ನನ್ನ ಏದುಸಿರು ಕಂಡಿತು.

"ಏನ್ ಬರದಾರಲೇ?"

"ಅವರು ಆರಾಮ ಮುಟ್ಟ್ಯಾರಂತ. ನಿನ್ನ ಭಾಳ ನೆನಸ್ಯಾರ."

"ನಾಕ ಹಾಳಿ ತುಂಬ ಇದನ್ನ ಬರದಾರೇನು?"

"ದೊಡ್ಡವರು ಹಂಗ. ಸುತ್ತಿ ಬಳಸಿ ಬರೀತಾರ."

ಅವನು ನಂಬಿದ. ಕಾಗದವನ್ನು ಹಣೆಗೊತ್ತಿಕೊಂಡು ಮಡಿಸಿ ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡ. "ನೀನ ಒಂದು ಜವಾಬು ಬರದಬಿಡಪಾ, ನನ್ನ ನಮಸ್ಕಾರ ಹೇಳು" ಎಂದ. ಬರೆದೆ. ಅಂಗಡಿಯ ಕೆಲಸ ಬಿಡುವಂತಿಲ್ಲ, ನನ್ನ ಬದಲಿಗೆ ಮಾಸ್ತರರನ್ನು ಕಳಿಸುತ್ತಿದ್ದೇನೆ ಎಂದು ಅವನ ಹೆಸರಿನಲ್ಲೇ ಬರೆದೆ. ಅಕ್ಷರ ಬಹಳ ಚೆಂದ ಬಂದಿತ್ತು.

ಸಂಕ್ರಾಂತಿಗೆ ಶಾಲೆಯಲ್ಲಿ ರಜೆ ಕೇಳಿದೆ. ಹೆಂಡತಿ ಗಂಗವ್ವನಿಗೆ, ಮುಂಬೈಯವರು ಕಡಲಿಗೆ ಕರೆದಿದ್ದಾರೆ ಎಂದೆ. ಫಕ್ಕೀರಪ್ಪನಿಗೆ, ಸವಣೂರಿನಲ್ಲಿ ನೆಂಟರ ಮದುವೆ ಎಂದೆ. ಸೈಕಲ್ಲು ಅವನ ಅಂಗಡಿಯದೇ. ಹಿಂದಿನ ದಿನ ಅವನು ಕೂತು ಅದರ ಬ್ರೇಕಿಗೆ ಹೊಸ ರಬ್ಬರು ಹಾಕಿದ, ಚೈನಿಗೆ ಎಣ್ಣೆ ಬಿಟ್ಟ, ಸೀಟನ್ನು ನನ್ನ ಎತ್ತರಕ್ಕೆ ಇಳಿಸಿದ. "ನಿನಗ ಏರು ಆಗಿಬರೂದಿಲ್ಲ, ಅವಸರ ಮಾಡಬ್ಯಾಡ. ಇಳದ ತಳ್ಳು, ಅದರಾಗ ಏನ್ ಅವಮಾನಿಲ್ಲ" ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಆ ಮಾತೂ ನನಗೆ ರಾಯರ ಸಾಲಿನಂತೆಯೇ ಕೇಳಿಸಿ, ಮನಸ್ಸಿನಲ್ಲಿದ್ದ ಅಳುಕೂ ಹೋಯಿತು.

ಯಲವಿಗಿಯಲ್ಲಿ ರೈಲಿಳಿದ ರಾಯರು ನನ್ನನ್ನು ನೋಡಿ ನಕ್ಕರು. ನಕ್ಕು ನನ್ನ ಹೆಗಲಿನಾಚೆ ಕಣ್ಣು ಹಾಯಿಸಿದರು.

"ಫಕ್ಕೀರಪ್ಪ?"

"ಅವನಿಗೆ ಕೆಲಸ. ಬರೆದಿದ್ದನಲ್ಲ."

"ಬರೆದಿದ್ದ. ಆದರೂ ಬರಬಹುದು ಎಂದುಕೊಂಡಿದ್ದೆ" ಎಂದರು.

ಮೂರು ದಿನ ನಾನು ಅವರ ದಾರಿ ತೋರಿಸುವವನಾದೆ. ಸವಣೂರಿನಲ್ಲಿ ಹತ್ತು ಜನ ಕೈ ಹಿಡಿದರೂ ತಬ್ಬಲಾಗದ ದೊಡ್ಡಹುಣಸೆ ಮರಗಳನ್ನು ತೋರಿಸಿದೆ. ಶಿಗ್ಗಾವಿಯ ದಾರಿಯಲ್ಲಿ ಕುಸುಬಿ ಹೂಬಿಟ್ಟು, ಎರೆಹೊಲದ ಅಂಚೆಲ್ಲ ಕಿತ್ತಳೆ ಬಣ್ಣವಾಗಿತ್ತು. ಬಿಳಿಜೋಳ ತೆನೆ ತುಂಬಿ ನಿಂತಿತ್ತು. ಹಿರೇಬೆಂಡಿಗೇರಿಯ ಹತ್ತಿರ ಕೋಟೆಯ ಕತೆ ಹೇಳುವ ಭರದಲ್ಲಿ ಚಕ್ಕಡಿಯ ಜಾಡು ಬಿಟ್ಟೆ. ನನ್ನ ಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಚೀಲ ನೋಡಿದರೆ ಪಂಪು ಇಲ್ಲ. ಮನೆಯ ಕಟ್ಟೆಯ ಮೇಲೆಯೇ ಮರೆತಿದ್ದೆ. ತೂತು ಮುಚ್ಚಲೂ ನನಗೆ ಬರುತ್ತಿರಲಿಲ್ಲ. ರಾಯರ ಗೆಳೆಯರೊಬ್ಬರು ತಾವೇ ಕೂತು ಅದನ್ನು ಮುಚ್ಚುತ್ತ, ರಾಯರ ಕಡೆ ತಿರುಗಿ, "ನೀವು ಹೇಳುತ್ತಿದ್ದ ಆ ಫಕ್ಕೀರಪ್ಪ ಇದ್ದಿದ್ದರೆ!" ಎಂದರು. ಅವನನ್ನು ನೋಡಿಯೇ ಇರದವರು! ರಾಯರು ಮುಂಬೈಯಲ್ಲಿ ಅವನ ಬಗ್ಗೆ ಎಷ್ಟು ಹೇಳಿರಬೇಕು ಎಂದು ಅಂದು ಹೊತ್ತು ಮುಳುಗುವವರೆಗೂ ಲೆಕ್ಕ ಹಾಕಿದೆ.

ಹಾನಗಲ್ಲು ದಾಟಿ ಶಿರಸಿಯ ಕಡೆ ಕಾಡು ಶುರುವಾದ ಮೇಲೆ ನನ್ನ ಇತಿಹಾಸವೂ ತೀರಿತು. ಆ ಮರಗಳ ಹೆಸರೂ ನನಗೆ ತಿಳಿಯದು. ಸುಮ್ಮನೆ ಹಿಂದೆ ತಳ್ಳಿಕೊಂಡು ನಡೆದೆ.

ಮೂರನೆಯ ದಿನ ದೇವಿಮನೆ ಘಟ್ಟ. ಅರ್ಧ ಘಟ್ಟ ಇಳಿದಿದ್ದೆವು, ರಾಯರ ಸೈಕಲ್ಲಿನ ಚೈನು ಕಡಿದುಬಿತ್ತು. ಹಾರಿದ ಮೊಳೆ ಪ್ರಪಾತಕ್ಕೆ ಬಿದ್ದಿತ್ತು. ಮೂವರೂ ಆ ಚೈನನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ದೂರ ನಿಂತಿದ್ದೆ. ರಾಯರು ಮೇಲಿನ ದಾರಿಯ ಕಡೆ ನೋಡಿದರು. ಯಾರನ್ನು ನೆನೆದು ನೋಡಿದರೋ ನನಗೆ ಗೊತ್ತಿತ್ತು. ಅವನೊಬ್ಬ ಬಾರದಿರಲಿ ಎಂದು ಬೇಡಿಕೊಂಡದ್ದು ಆಗಲೇ. ಬರುವುದಕ್ಕೆ ದಾರಿಯೇ ಇರಲಿಲ್ಲ, ಆದರೂ ಬೇಡಿಕೊಂಡೆ.

ಆಗ ಮೇಲಿನ ತಿರುವಿನಲ್ಲಿ ಗಂಟೆ ಕೇಳಿತು.

ಫಕ್ಕೀರಪ್ಪ ಕೆಂಪು ಧೂಳಿನಲ್ಲಿ ಮುಳುಗಿದ್ದ. ಸೈಕಲ್ಲಿನಿಂದ ಇಳಿದು ನೇರ ನನ್ನ ಹತ್ತಿರ ಬಂದ. ಚೀಲಕ್ಕೆ ಕೈಹಾಕಿ ಪಂಪು ತೆಗೆದು ನನ್ನ ಕೈಗಿಟ್ಟ.

"ಮರತ ಬಂದಿದ್ದಿ" ಎಂದ. ಅಷ್ಟೇ.

ಆದದ್ದೇನೆಂದು ಗಂಗವ್ವ ಆಮೇಲೆ ಹೇಳಿದಳು. ನಾನು ಹೊರಟ ಮುಂಜಾನೆಯೇ ಕಟ್ಟೆಯ ಮೇಲೆ ಪಂಪು ಕಂಡು ಅವನು ಮನೆಗೆ ಬಂದಿದ್ದ. "ಸವಣೂರ ಮದುವಿ ಮನೀ ಯಾರದು ಹೇಳ್ರಿ ಅಕ್ಕಾರ, ಕೊಟ್ಟ ಬರ್ತೇನಿ" ಎಂದಿದ್ದ. "ಮದುವೀನ? ಕಡಲಿಗೆ ಹೋಗ್ಯಾರಲ್ಲ, ಮುಂಬೈ ರಾಯರ ಜೋಡಿ" ಎಂದಳು ಅವಳು. ಫಕ್ಕೀರಪ್ಪ ಒಳಕಿಸೆಯಿಂದ ಕಾಗದ ತೆಗೆದು, "ಇದನ್ನಷ್ಟ ಓದ್ರಿ" ಎಂದ. ನಾಲ್ಕನೆಯ ಇಯತ್ತೆ ಓದಿದವಳು ಗಂಗವ್ವ. ಬಾಗಿಲಲ್ಲಿ ನಿಂತು ನಾಲ್ಕೂ ಹಾಳೆ ಓದಿದಳು, ಆ ಸಾಲನ್ನೂ. ಓದಿ ಮುಗಿಸಿ ಮುಖ ಎತ್ತಲಾಗಲಿಲ್ಲವಂತೆ. ಮುಂದೆ ಎರಡು ದಿನ ಅವನು ಅಂಗಡಿ ತೆರೆಯಲಿಲ್ಲ, ಮನೆಯಲ್ಲೇ ಮಲಗಿದ್ದ. ಎರಡನೆಯ ದಿನ ಮಧ್ಯಾಹ್ನ ಎದ್ದು ಬಂದು, "ನಾನೂ ಹೊಂಟೇನ್ರಿ" ಎಂದ. ಗಂಗವ್ವ ರೊಟ್ಟಿ ಕಟ್ಟಿಕೊಟ್ಟಳು. ನಾವು ಮೂರು ದಿನದಲ್ಲಿ ಬಂದ ಘಟ್ಟಕ್ಕೆ ಅವನು ಮರುದಿನವೇ ಬಂದು ಮುಟ್ಟಿದ್ದ.

ರಾಯರು ಓಡಿಬಂದು ಅವನ ಎರಡೂ ತೋಳು ಹಿಡಿದುಕೊಂಡರು. "ಕೆಲಸ ಇತ್ತಂತಲ್ಲ?"

ಫಕ್ಕೀರಪ್ಪ ನನ್ನನ್ನು ನೋಡಿದ. ನಾನು ಕೈಯಲ್ಲಿದ್ದ ಪಂಪಿನ ಹಿಡಿಯನ್ನು ತಿರುಗಿಸತೊಡಗಿದೆ.

"ಇತ್ತರೀ" ಎಂದ. "ಮುಗೀತು, ಬಂದೆ."

ಕಲ್ಲಿನ ಮೇಲೆ ಚೈನಿಟ್ಟು ತನ್ನ ಚೀಲದ ಒಂದು ಮೊಳೆಯನ್ನು ಬಡಿದು ಕೂರಿಸಿದ. ಹತ್ತು ನಿಮಿಷದ ಕೆಲಸ. ಅವನು ನನ್ನನ್ನು ಉಳಿಸಿದ್ದ. ನನಗೆ ಉಪಕಾರದ ಭಾವ ಬರಬೇಕಿತ್ತು. ಬರಲಿಲ್ಲ. ಎಲ್ಲರೆದುರು ನನ್ನ ಸುಳ್ಳನ್ನು ಬಿಚ್ಚಿಟ್ಟಿದ್ದರೆ ಅವನೂ ನನ್ನ ಸಮಕ್ಕೆ ಇಳಿಯುತ್ತಿದ್ದ. ಇಳಿಯಲಿಲ್ಲವಲ್ಲ ಎಂದು ಇನ್ನಷ್ಟು ಉರಿಯಿತು.

ಸಂಜೆ ಕಡಲು ಮುಟ್ಟಿದೆವು. ಆರು ವರ್ಷ ಭೂಗೋಳದ ಪಾಠದಲ್ಲಿ ಸಮುದ್ರ ಕಲಿಸಿದ್ದೆ. ನೋಡಿದ್ದು ಅಂದೇ ಮೊದಲು. ಫಕ್ಕೀರಪ್ಪ ಅಂಗಿಯನ್ನೂ ತೆಗೆಯದೆ ಮೊಣಕಾಲುದ್ದ ನೀರಿಗೆ ನಡೆದ. ಬೊಗಸೆಯಲ್ಲಿ ತೆಗೆದು ಬಾಯಿಗಿಟ್ಟು, "ಏ, ಖರೇನ ಉಪ್ಪು ಐತ್ರಿ!" ಎಂದು ಕೂಗಿದ. ರಾಯರು ನಕ್ಕರು, ಗೆಳೆಯರು ನಕ್ಕರು. ಅಂದಿನ ಕಡಲು ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ. ನಾನು ನೋಡುತ್ತಿದ್ದದ್ದು ರಾಯರ ಮುಖವನ್ನು. ಅವರು ಅವನನ್ನು ನೋಡುತ್ತಿದ್ದ ರೀತಿಯಲ್ಲಿ ನನ್ನನ್ನು ಯಾರೂ ಎಂದೂ ನೋಡಿರಲಿಲ್ಲ.

ಅವರು ಕುಮಟೆಯಲ್ಲೇ ಉಳಿದರು. ನಾವಿಬ್ಬರೂ ತಿರುಗಿ ಹೊರಟೆವು. ಘಟ್ಟದ ಏರಿನಲ್ಲಿ ನಾನು ಇಳಿದರೆ ಅವನೂ ಇಳಿದು ತಳ್ಳುತ್ತಿದ್ದ. ಆದರೆ ನನ್ನ ಕಡೆ ನೋಡುತ್ತಿರಲಿಲ್ಲ. ಹಾನಗಲ್ಲಿನ ಆನೆಕೆರೆಯ ದಂಡೆಯಲ್ಲಿ ರೊಟ್ಟಿ ತಿನ್ನಲು ಕೂತಾಗ ಬಾಯಿ ಬಿಟ್ಟ.

"ನಾ ನಿನಗೇನ್ ಮಾಡಿದ್ನೆಲೇ?"

"ಏನೂ ಮಾಡಿಲ್ಲ."

"ಮತ್ತ್ಯಾಕ?"

"ಅವರು ನಿನಗ ಬರದ್ರು. ನನಗ ಬರೀಲಿಲ್ಲ."

"ಅಷ್ಟಕ್ಕ?"

"ಅಷ್ಟಕ್ಕ."

ಅವನು ರೊಟ್ಟಿಯ ಚೂರನ್ನು ಕೆಳಗಿಟ್ಟ. "ಎರಡ ದಿನ ಮನ್ಯಾಗ ಮಲಕೊಂಡ ವಿಚಾರ ಮಾಡೇನಿ. ನಿನ್ನ ಹೊಡೀಬೇಕ ಅಂತನೂ ಅನ್ಕೊಂಡೆ. ಹೊಡದ್ರ ಮತ್ತೊಂದ ಕಾಗದ ಬಂದಾಗ ಯಾರ ಕಡೆ ಹೋಗ್ಲಿ? ಮತ್ತ ನಿನ್ನ ಕಡೇನ ಬರಬೇಕು. ನನಗ ಅಕ್ಷರ ಕಲಸು. ಇನ್ನ ನಿನ್ನ ಮುಂದ ಕಾಗದ ಹಿಡಕೊಂಡ ನಿಂದ್ರೂದಿಲ್ಲ ನಾ."

ಮನೆಗೆ ಬಂದ ದಿನ ಗಂಗವ್ವ ಊಟಕ್ಕೆ ನೀಡಿ ದೂರ ಕೂತಳು. "ಓದು ಬಾರದವರಿಗೆ ಹಿಂಗ ಮಾಡೂದು, ಕುರುಡರ ಕೋಲು ಕಸಗೊಂಡಂಗ್ರಿ" ಎಂದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ದಿನಾ ದೀಪ ಹಚ್ಚುವ ಹೊತ್ತಿಗೆ ಫಕ್ಕೀರಪ್ಪ ಅಂಗಡಿ ಮುಚ್ಚಿ ನಮ್ಮ ಪಡಸಾಲೆಗೆ ಬರತೊಡಗಿದ. ಪಾಟಿಯ ಮೇಲೆ ಬರೆದು ಕಲಿಸಿದೆ. 'ಠ' ನೋಡಿ, "ಇದು ಗಾಲಿ, ನಡುವ ಅಚ್ಚು" ಎಂದು ಒಂದೇ ಸಲಕ್ಕೆ ಹಿಡಿದ. ನನ್ನ ಶಾಲೆಯ ಮಕ್ಕಳು ವರ್ಷಗಟ್ಟಲೆ ತಿಣುಕುವ ಒತ್ತಕ್ಷರವನ್ನು ಅವನು ಹೋಳಿಹುಣ್ಣಿವೆಯೊಳಗೆ ಮುಗಿಸಿದ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ. ಎಷ್ಟೋ ಸಲ ಬೇಕೆಂದೇ ಕಷ್ಟದ ಶಬ್ದ ಕೊಡುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಅವನು ರಾಯರ ಕಾಗದವನ್ನೇ ತೆಗೆದು ಮುಂದಿಟ್ಟುಕೊಂಡ. ಬೆರಳಿಟ್ಟು ಒಂದೊಂದೇ ಶಬ್ದ ಓದಿದ. ಮೊದಲ ಹಾಳೆ, ಎರಡನೆಯ ಹಾಳೆ. ಮೂರನೆಯ ಹಾಳೆಯ ನಡುವೆ ಅವನ ಬೆರಳು ಒಂದು ಕ್ಷಣ ನಿಂತು, ಕೆಳಗಿನ ಸಾಲಿಗೆ ಇಳಿಯಿತು.

"ಒಂದು ಸಾಲು ಬಿಟ್ಟಿ" ಎಂದೆ.

"ಕಾಣಲಿಲ್ಲ."

"ಕಂಡೈತಿ ನಿನಗ. ಓದು."

"ಬ್ಯಾಡ ಬಿಡಲೇ."

"ಓದು ಅಂದ್ನಿ."

ಓದಿದ. "ಮಾಸ್ತರರು ಒಳ್ಳೆಯವರು, ಆದರೆ..." ಒಂದು ಒತ್ತೂ ತಪ್ಪಲಿಲ್ಲ. ಒಳಗೆ ಗಂಗವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಓದಿ ಮುಗಿಸಿದಾಗ ಅವನ ತುಟಿಯ ತುದಿಯಲ್ಲಿ ನಗು ಬಂತು.

"ಖರೇನ ಬರದಾರಲೇ. ನಿನ್ನ ಜೋಡಿ ದಾರಿ ಭಾಳ ಉದ್ದ ಆಗತೈತಿ."

ನನಗೂ ನಗು ಬಂತು. ಆ ಚಳಿಗಾಲದಿಂದ ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲ ಸಲ.

ಬೇಸಿಗೆಯ ಕೊನೆಗೆ ಅವನು ತಾನೇ ಕೂತು ರಾಯರಿಗೆ ಒಂದು ಕಾಗದ ಬರೆದ. ನನಗೆ ತೋರಿಸಲಿಲ್ಲ. ರೋಹಿಣಿ ಮಳೆ ಬಿದ್ದ ವಾರ ಉತ್ತರ ಬಂತು. ಅಂಚೆಯವನು ಹಳೆಯ ರೂಢಿಯಂತೆ ಅದನ್ನು ನನ್ನ ಕೈಗೆ ಕೊಟ್ಟು, "ಫಕ್ಕೀರಪ್ಪಗ ಓದಿ ಹೇಳಿಬಿಡ್ರಿ ಮಾಸ್ತರ" ಎಂದ. ಲಕೋಟೆ ದಪ್ಪವಿತ್ತು. ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿದೆ. ಒಳಗೆ ನನ್ನ ಹೆಸರು ಇದೆಯೋ ಇಲ್ಲವೋ, ಇದ್ದರೆ ಹೇಗೆ ಇದೆಯೋ. ರಸ್ತೆ ದಾಟಿ ಅವನ ಕೈಗೆ ಕೊಟ್ಟೆ.

ಅವನು ಕೈ ಒರೆಸಿಕೊಂಡು, ಹಲಗೆಯ ಮೇಲೆ ಕೂತು, ತುಟಿ ಅಲುಗಿಸುತ್ತ ಓದಿದ. ನಾನು ಎದುರಿಗೇ ನಿಂತಿದ್ದೆ. ಒಂದು ಕಡೆ ಹುಬ್ಬು ಗಂಟಿಕ್ಕಿದ. ಒಂದು ಕಡೆ ಜೋರಾಗಿ ನಕ್ಕ. ಮುಗಿಸಿ, ಮಡಿಸಿ, ಕಿಸೆಯಲ್ಲಿಟ್ಟುಕೊಂಡು, ಬಿಚ್ಚಿಟ್ಟಿದ್ದ ಗಾಲಿಯನ್ನು ಮತ್ತೆ ಕೈಗೆತ್ತಿಕೊಂಡ. ಏನು ಬರೆದಿದ್ದಾರೆ ಎಂದು ಕೇಳುವ ಮಾತು ನನ್ನ ಬಾಯಿಯವರೆಗೂ ಬಂತು. ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮುಂದೆ ಯುದ್ಧ ಬಂತು, ಟಾಯರು ಟ್ಯೂಬು ಸಿಗದಾದವು, ಮುಂಬೈಯ ಸವಾರರು ಬರುವುದು ನಿಂತಿತು. ಪುಸ್ತಿಕೆ ಅಚ್ಚಾಯಿತೋ ಇಲ್ಲವೋ ನನಗೆ ತಿಳಿಯದು. ರಾಯರ ಕಾಗದ ಮಾತ್ರ ವರ್ಷಕ್ಕೆ ಒಂದೆರಡು ಬರುತ್ತಲೇ ಇವೆ. ಮೊನ್ನೆಯೂ ಒಂದು ಬಂತು. ಬಾಗಿಲಲ್ಲಿ ನಿಂತು ನೋಡಿದೆ. ಎರಡು ಹಾಳೆ, ಎರಡೂ ಬದಿಗೆ ಒತ್ತಾಗಿ ಬರೆದಿತ್ತು. ಫಕ್ಕೀರಪ್ಪ ಈಗ ಬೆರಳಿಡದೆ ಓದುತ್ತಾನೆ.